ಬಾಣಂತಿಯ ಪಾಲು

ಸವಣೂರಿನ ಆಚಾರ್ಯರ ಮನೆಯ ಯಮುನಾಬಾಯಿ ದಿಲ್ಲಿಗೆ ಹೋಗಿ ನರ್ಸಿಂಗ್ ಕಲಿತು ಬಂದಾಗ ಓಣಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಯಮುನಾಬಾಯಿ ಅದಕ್ಕೊಂದು ರಾಜಿ ಮಾಡಿಕೊಂಡಿದ್ದಳು. ಹೊರಗೆ ಯಾರ ಮೈಯನ್ನಾದರೂ ಮುಟ್ಟುವುದು, ಮನೆಗೆ ಬಂದರೆ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರುವುದು, ಪರರ ಮನೆಯಲ್ಲಿ ಹನಿ ನೀರನ್ನೂ ಮುಟ್ಟದಿರುವುದು. ಎರಡು ದೋಣಿಯ ಮೇಲೆ ಕಾಲಿಟ್ಟವರು ಮುಳುಗುತ್ತಾರಂತೆ. ಈಕೆ ಮುಳುಗಲಿಲ್ಲ, ಬೇರೆಯವರನ್ನು ಮುಳುಗಿಸಿದಳು.

ಸಾವಿರದೊಂಬೈನೂರ ಅರವತ್ತೊಂದರಲ್ಲಿ ಅವಳು ಒಂದು ಸಂಶೋಧನೆ ಕೈಗೆತ್ತಿಕೊಂಡಳು. ಹಾನಗಲ್, ಶಿಗ್ಗಾಂವಿ, ಸವಣೂರು ಕಡೆಯ ಹಳ್ಳಿಗಳಲ್ಲಿ ಬಾಣಂತಿಯರು ಏನು ಉಣ್ಣುತ್ತಾರೆ, ಕೂಸುಗಳು ಹೇಗೆ ಬೆಳೆಯುತ್ತವೆ ಎಂಬುದನ್ನು ಮನೆಮನೆಗೆ ಹೋಗಿ ಕೇಳುವುದು. ಬಾಣಂತಿಯರಿಗೆ ಹಂಚುವ ಹಾಲಿನ ಪುಡಿ ಯಾವ ಊರಿಗೆ ಹೋಗಬೇಕು ಎಂಬುದನ್ನು ಧಾರವಾಡದ ಕಚೇರಿ ಅವಳ ವರದಿ ನೋಡಿಯೇ ನಿರ್ಧರಿಸುವುದಿತ್ತು.

ಯಲವಿಗಿ ಸ್ಟೇಷನ್ನಿನಾಚೆಯ ಒಂದು ಹಳ್ಳಿಯಲ್ಲಿ ಅನ್ನವ್ವ ಎಂಬಾಕೆಯ ಮನೆ. ಸೊಸೆ ಮಾದೇವಿ ಹಸಿ ಬಾಣಂತಿ. ಯಮುನಾಬಾಯಿ ಕೂಸಿನ ತೂಕ ನೋಡಿ, ಪಡಸಾಲೆಗೆ ಬಂದು ಕುಳಿತಳು.

"ಬೆಲ್ಲಾ ನೀರರ ತಗೋರಿ, ಬಾಯಾರ," ಎಂದಳು ಅನ್ನವ್ವ.

"ಬ್ಯಾಡ್ರಿ, ನಮ್ಮದು ಮಡಿ. ಬಾಣಂತಿಗೆ ಏನು ಉಣಸ್ತೀರಿ, ಅದನ್ನ ಹೇಳ್ರಿ."

ಅನ್ನವ್ವ ಸೆರಗು ಸರಿಮಾಡಿಕೊಂಡಳು. "ಏನ್ ಉಣಸಬೇಕೋ ಅದನ್ನ ಉಣಸ್ತೇವ್ರಿ. ತುಪ್ಪ, ಸಜ್ಜಕ, ಅಂಟಿನುಂಡಿ, ಕೊಬ್ಬರಿ, ಉತ್ತತ್ತಿ."

ಊರಿಗೆ ಊರೇ ಇದೇ ಉತ್ತರ ಕೊಟ್ಟಿತು. ಕೂಸುಗಳು ಮಾತ್ರ ಹಂಚಿಕಡ್ಡಿಯಂತೆ ಬಡಕಲಾಗಿದ್ದವು. ಅದಕ್ಕೆ ಯಮುನಾಬಾಯಿ ಕೊಟ್ಟ ಕಾರಣ ಕೊಳಕು, ಮೂಢನಂಬಿಕೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದವರು ಸುಮ್ಮನೆ ಅಂದಿಲ್ಲ. ಊಟಕ್ಕೆ ಕೊರತೆಯಿಲ್ಲವೆಂದು ವರದಿ ಹೋಯಿತು, ಕಚೇರಿ ಬೆನ್ನು ತಟ್ಟಿತು, ಪುಡಿಯ ಡಬ್ಬಿಗಳು ಬೇರೆ ಊರಿಗೆ ಹೋದವು.

ಮತ್ತೆ ಕೂಸುಗಳ ತೂಕ ನೋಡಲು ಹೋದಾಗ ಅನ್ನವ್ವ ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದಳು. ಮಾದೇವಿಯ ಎದೆಯಲ್ಲಿ ಹಾಲಿಲ್ಲದೆ ಕೂಸು ಅತ್ತು ಅತ್ತು ಸೊರಗಿತ್ತು. ಬಿಸಿನೀರು ಬೇಕಾಗಿ ಯಮುನಾಬಾಯಿ ಮೊದಲ ಸಲ ಅವರ ಅಡಿಗೆಮನೆಗೆ ಕಾಲಿಟ್ಟಳು. ಒಲೆ ತಣ್ಣಗಿತ್ತು. ಒಂದು ಗಡಿಗೆಯ ತಳದಲ್ಲಿ ಜೋಳದ ಅಂಬಲಿ. ಉಳಿದ ಗಡಿಗೆಗಳನ್ನು ಬೋರಲು ಹಾಕಿದ್ದರು.

ಅಷ್ಟರಲ್ಲಿ ಅನ್ನವ್ವ ಬಂದು ಬಾಗಿಲಲ್ಲಿ ನಿಂತಳು.

"ತುಪ್ಪ ಎಲ್ಲಿ ಅದ, ಅನ್ನವ್ವ?"

"ಎಲ್ಲಿ ತುಪ್ಪರೀ? ಮನಿಗೆ ಬಂದವರ ಮುಂದ ನಮ್ಮ ಬಾಣಂತಿಗೆ ತುಪ್ಪಿಲ್ಲ ಅಂತ ಹ್ಯಾಂಗ ಹೇಳೂದು? ನೀವು ಒಂದು ತುತ್ತು ಉಂಡಿದ್ರ ನಮ್ಮ ಮನ್ಯಾಗ ಏನೈತಿ ಅಂತ ನಿಮಗ ತಾನ ತಿಳೀತಿತ್ತು. ನೀವು ನೀರೂ ಮುಟ್ಟಲಿಲ್ಲ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ಉಂಡು ಹೋಗುವ ನೆಂಟರೆದುರು ಬಡತನ ಮುಚ್ಚಿಡಲಾಗದು. ಪಡಸಾಲೆಯಲ್ಲೇ ಮೂಗು ಮುರಿದು ಕೂತವರೆದುರು ಮಾನವೊಂದನ್ನಾದರೂ ಉಳಿಸಿಕೊಳ್ಳಬೇಕಲ್ಲ! ಯಮುನಾಬಾಯಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹಾಕ್ರಿ. ಇವತ್ತ ಉಣ್ತೇನಿ," ಎಂದು ನೆಲದ ಮೇಲೆ ಕುಳಿತಳು.

ಅನ್ನವ್ವನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಪರಿಯಾಣದ ತುಂಬ ಅಂಬಲಿ ಸುರಿದಳು. ಯಮುನಾಬಾಯಿ ಬೆರಳು ನೆಕ್ಕಿ ಉಂಡಳು. ಮಡಿ ಮುರಿದೆನೆಂಬ ಹೆಮ್ಮೆಯೂ ಒಂದಿಷ್ಟು ಇತ್ತು, ಸುಳ್ಳಲ್ಲ. ಕೈ ತೊಳೆದು ಬಂದಾಗ ಅನ್ನವ್ವ ಖಾಲಿ ಗಡಿಗೆಗೆ ನೀರು ಹಾಕಿ, ಗಲಬರಿಸಿ, ಆ ತೊಳೆದ ನೀರನ್ನು ಮಾದೇವಿಗೆ ಕುಡಿಯಲು ಒಯ್ಯುತ್ತಿದ್ದಳು.

ಮರುದಿನ ಯಮುನಾಬಾಯಿ ಧಾರವಾಡದ ಕಚೇರಿಯಲ್ಲಿ ನಿಂತಿದ್ದಳು. ಅಲ್ಲಿಯ ಅಧಿಕಾರಿ ರಾಘಣ್ಣ ಅವಳ ಮನೆಯವರು ನಡೆದುಕೊಳ್ಳುವ ಮಠದವನೇ.

"ನನ್ನ ವರದಿ ಸುಳ್ಳದ, ರಾಘಣ್ಣ. ಆ ಊರಿಗೆ ಪುಡಿ ಕಳಸ್ರಿ."

"ನೀವ ಬರದೀರಿ, ನೀವ ಸುಳ್ಳು ಅಂತೀರಿ. ಪುರಾವೆ ಏನ್ರಿ?"

"ಅವರ ಮನ್ಯಾಗ ಉಂಡು ಬಂದೇನಿ."

ರಾಘಣ್ಣ ಹೌಹಾರಿದ. "ನೀವು? ಆಚಾರ್ಯರ ಮಗಳು? ನಾಚಿಕಿ ಬರಲಿಲ್ಲೇನ್ರಿ?"

"ಬಂತು. ಉಂಡದ್ದಕ್ಕಲ್ಲ. ನಾ ಉಂಡದ್ದು ಬಾಣಂತಿ ಪಾಲು."

ರಾಘಣ್ಣ ಫೈಲು ಎಳೆದುಕೊಂಡ. ಆದರೂ ಸರಕಾರಿ ಕೆಲಸ, ಡಬ್ಬಿಗಳು ಆ ಊರು ಮುಟ್ಟುವ ಹೊತ್ತಿಗೆ ಸುಗ್ಗಿ ಬಂದಿತ್ತು. ಕೂಸು ಬದುಕಿತ್ತು. ಅಷ್ಟು ದಿನ ಮಾದೇವಿ ಏನು ಉಂಡಳು ಎಂದು ಕೇಳುವ ಬಾಯಿ ಯಮುನಾಬಾಯಿಗೆ ಬರಲಿಲ್ಲ.