ಪರದೆಯ ಮೇಲಿನ ಹೊಳೆ

ಇಚಲಕರಂಜಿಯ ನಮ್ಮ ಕನ್ನಡ ಶಾಲೆಯಲ್ಲಿ ಪ್ರಯೋಗಾಲಯವಿಲ್ಲ. ರಸಾಯನಶಾಸ್ತ್ರ, ಪರಿಸರ ಎರಡನ್ನೂ ನಾನು ಆನ್‌ಲೈನ್‌ನಲ್ಲಿ ಸಿಗುವ ಪಾಠಗಳನ್ನು ತೋರಿಸಿಯೇ ಕಲಿಸುತ್ತೇನೆ. ಅಂದು ಪರದೆಯ ಮೇಲೆ ಒಂದು ಹೊಳೆಯಿತ್ತು. ಅದಕ್ಕೆ ಕಾರ್ಖಾನೆಯ ನೀರು ಎಷ್ಟು ಸೇರಬೇಕೆಂದು ಮೌಸ್‌ನಿಂದ ಹೆಚ್ಚುಕಡಿಮೆ ಮಾಡಬಹುದು. ಹೆಚ್ಚು ಮಾಡಿದಂತೆ ಆಮ್ಲಜನಕ ಇಳಿದು ಮೀನುಗಳು ಸಾಯುತ್ತವೆ.

ಮೊಮ್ಮಗಳನ್ನು ಕರೆದೊಯ್ಯಲು ಬಂದ ಅಜ್ಜಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸತ್ತ ಮೀನು ತೇಲಿದ್ದೇ ತಡ, ಎದ್ದು ನಿಂತರು.

"ಅಕ್ಕೋರ, ಅದನ್ನ ಹಿಂದಕ್ಕ ತಗೋರಿ."

ಕಡಿಮೆ ಮಾಡಿದೆ. ನೀರು ತಿಳಿಯಾಗಿ, ಮೀನುಗಳು ಮತ್ತೆ ಈಜತೊಡಗಿದವು.

"ಇದು ನಮ್ಮ ಪಂಚಗಂಗಾ ಹೊಳಿ ಏನ್ರಿ?"

"ಅಲ್ರಿ ಅಜ್ಜಿ, ಕಂಪ್ಯೂಟರ್‌ನಾಗ ಬರೆದ ಹೊಳಿ."

"ನಾ ಮದುವಿಯಾಗಿ ಬಂದಾಗ ನಮ್ಮ ಹೊಳ್ಯಾಗೂ ಹಿಂಗ ತಳ ಕಾಣ್ತಿತ್ರಿ. ಅರಿವಿ ಒಗಿಯಾಕ ನಿಂತ್ರ ಮೀನ ಬಂದು ಕಾಲಬೆರಳ ಕಚ್ತಿದ್ವು. ನಾ ಅಂಜಿ ಕುಣೀತಿದ್ದೆ. ನಮ್ಮ ಮನಿಯವರು ಹೊಳಿ ದಂಡಿ ಮ್ಯಾಲ ಕುಂತು ನಗತಿದ್ರು. ಈಗ ಅವರೂ ಇಲ್ಲ, ಮೀನೂ ಇಲ್ಲ."

ನನ್ನೆದುರು ಕೂತವರಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳೇ ಹೆಚ್ಚು. ಪಾಠ ಮುಂದುವರಿಸೋಣವೆಂದು ಮತ್ತೆ ಮೌಸ್ ಹಿಡಿದೆ.

"ಬ್ಯಾಡ್ರಿ," ಅಜ್ಜಿ ಮೆಲ್ಲಗೆ ಅಂದರು. "ಇನ್ನೊಂದೀಟ ಹೊತ್ತು ಹಿಂಗ ಇರಲಿ."

ಹಾಗೇ ಬಿಟ್ಟೆ. ಗಂಟೆ ಹೊಡೆಯುವವರೆಗೆ ಅಜ್ಜಿ, ಮಕ್ಕಳು, ನಾನು ಎಲ್ಲರೂ ಆ ಮೀನುಗಳನ್ನು ನೋಡುತ್ತ ಕೂತೆವು. ಆಮ್ಲಜನಕದ ಪಾಠ ಅಲ್ಲಿಗೇ ನಿಂತಿತು. ಹೊಳೆಗೆ ಕಾರ್ಖಾನೆಯ ನೀರು ಸೇರಿದರೆ ಮೀನುಗಳಿಗೆ ಏನಾಗುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ, ನನ್ನ ಮಕ್ಕಳು ಬಹುಶಃ 'ಸತ್ತವು ಮತ್ತೆ ಈಜುತ್ತವೆ' ಎಂಬ ತಪ್ಪು ಉತ್ತರವನ್ನೇ ಬರೆದಾರು.