ಗುಡ್ಡ ಹತ್ತಿದ ಭಜನೆ

ಕುಸುಮಕ್ಕ ಭಜನೆಗೆ ಹೊರಟರೆಂದರೆ ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ತಾಳ, ಕಾಲಲ್ಲಿ ಮಗ ಬಿಟ್ಟುಹಾಕಿದ ಸ್ಪೋರ್ಟ್ಸ್ ಶೂ. ಶೂ ಅವರ ಪಾದಕ್ಕೆ ಎಷ್ಟೋ ದೊಡ್ಡದು; ತುದಿಗೆ ಹಳೆ ಬಟ್ಟೆ ತುರುಕಿಕೊಂಡಿದ್ದರು. ಸೀರೆಯ ನೆರಿಗೆಯ ಕೆಳಗಿನಿಂದ ಅದರ ಹಸಿರು ಮೂತಿ ಇಣುಕುತ್ತಿತ್ತು. ರೇಷ್ಮೆ ಸೀರೆ ಎಂದು ಬರೆಯಲು ಹೊರಟಿದ್ದೆ. ಪಾರ್ಸಿಕ್ ಗುಡ್ಡ ಹತ್ತುವುದಕ್ಕೆ ರೇಷ್ಮೆ ಯಾರು ಉಡುತ್ತಾರೆ? ಆದರೂ ನನ್ನ ನೆನಪಿನಲ್ಲಿ ಅದು ಹೊಳೆಯುತ್ತದೆ, ಎಷ್ಟು ತಿದ್ದಿದರೂ ಹತ್ತಿಯ ಸೀರೆಯಾಗುವುದಿಲ್ಲ. ಇರಲಿ. ಶೂ ಮಾತ್ರ ನಿಜ.

ನಾವಿದ್ದದ್ದು ಮುಂಬೈ ಬದಿಯ ಕಳವಾ ಎಂಬ ಊರಲ್ಲಿ, ಗುಡ್ಡಕ್ಕೆ ಬೆನ್ನು ಹಾಕಿ ನಿಂತ ಕಟ್ಟಡವೊಂದರಲ್ಲಿ. ಗುಡ್ಡ ಕಾಣುವುದು ಅಡುಗೆಮನೆಯ ಕಿಟಕಿಯಿಂದ ಮಾತ್ರ. ಗಂಡ ನೌಪಾಡಾದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನಿವೃತ್ತರಾಗುವವರೆಗೂ ಕುಸುಮಕ್ಕ ಆ ಗುಡ್ಡವನ್ನು ಒಗ್ಗರಣೆಯ ಹೊಗೆಯಲ್ಲೇ ನೋಡಿದ್ದರು. ಒಂದು ದಿನ ಅದೇನು ತಲೆಗೆ ಹೊಕ್ಕಿತೋ, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಮಹಿಳೆಯರ ಭಜನಾ ಮಂಡಳಿ ಆರಂಭವಾಗಿದೆ ಎಂದು ಮನೆಮನೆಗೆ ಹೇಳಿಬಂದರು. ನಾನು ಸೇರಿದೆ. ಕೆಳಗಿನ ಒಂಟಿಕೋಣೆಯ ಖೋಲಿಗಳ ಶಾಂತಾಬಾಯಿ ಸೇರಿದರು. ಕಲಬುರಗಿ ಕಡೆಯವರು, ಗಂಡನಿಗೆ ಲೋಡಿಂಗ್ ಕೆಲಸ. ಇನ್ನೂ ಮೂರ್ನಾಲ್ಕು ಮಂದಿ. ಮೊದಲ ದಿನ ಕುಸುಮಕ್ಕ ನಮ್ಮನ್ನು ಗುಡಿಯ ಮುಂದಿನಿಂದ ದಾಟಿಸಿ, ಗಲ್ಲಿಯಿಂದ ಗಲ್ಲಿಗೆ ನುಗ್ಗಿಸಿ, ಗುಡ್ಡದ ಬುಡಕ್ಕೆ ತಂದು ನಿಲ್ಲಿಸಿ, ಹತ್ತಿ ಎಂದರು.

ವಾಕಿಂಗ್ ಎಂದೇ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದ್ದೆ.

"ವಾಕಿಂಗ್ ಅಂದ್ರೆ ಮನೆಯಲ್ಲಿ ಎಂತ ಕೇಳ್ತಾರೆ ಹೇಳು? ಚಪಾತಿ ಯಾರು ಮಾಡುದು ಅಂತ. ಭಜನೆ ಅಂದ್ರೆ ಯಾರೂ ಕೇಳುದಿಲ್ಲ ಮಾರಾಯ್ತಿ. ನಿನ್ನೆಯದ್ದೇ ಬಿಸಿ ಮಾಡಿ ತಿಂತಾರೆ. ಮೇಲಿಂದ ನಮಗೆ ಪುಣ್ಯ."

ಪುಣ್ಯದ ಮಾತು ನಿಜವಾಗಿತ್ತು. ಕೊತ್ತಂಬರಿ ತರಲು ಹೋದರೂ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದ ನನ್ನ ಅತ್ತೆ, ಆ ಎರಡು ದಿನ ತಾವೇ ಹಾಲು ಕಾಯಿಸಿಟ್ಟು, ದೇವರಿಗೆಂದು ಹೂವು ಕೊಟ್ಟು ಕಳಿಸುತ್ತಿದ್ದರು. ಆ ಹೂವು ಗುಡ್ಡದ ಅರ್ಧದಲ್ಲಿದ್ದ ಒಂದು ಬಂಡೆಗೆ ಸಲ್ಲುತ್ತಿತ್ತು. ಬಂಡೆಗೆ ಕುಂಕುಮವನ್ನೂ ಕುಸುಮಕ್ಕನೇ ಹಚ್ಚಿದ್ದರು. ಸುಳ್ಳು ಪೂರ್ತಿ ಸುಳ್ಳಾಗಬಾರದು, ಉಪ್ಪಿನಷ್ಟಾದರೂ ನಿಜ ಬೆರೆಸಿರಬೇಕು ಎಂಬುದು ಅವರ ಪಾಕಶಾಸ್ತ್ರ.

ಆ ಉಪ್ಪಿಗಾಗಿಯೇ ಪ್ರತಿ ಸಲ ಒಂದು ಭಜನೆ ಹಾಡಬೇಕೆಂಬ ನಿಯಮವಿತ್ತು. ಒಂದೇ ಭಜನೆ, ಯಾವಾಗಲೂ ಅದೇ. ತುದಿ ತಲುಪಿದ ಮೇಲೆ ಯಾರಿಗೂ ಹಾಡುವ ಮನಸ್ಸಿರುತ್ತಿರಲಿಲ್ಲ. ಕೆಳಗೆ ಖಾಡಿ, ಎಂದರೆ ನೆಲದೊಳಕ್ಕೆ ನುಗ್ಗಿದ ಕಡಲ ನೀರು, ಅದರಾಚೆ ಠಾಣೆ ಪಟ್ಟಣ, ನಮ್ಮ ಕಾಲ ಕೆಳಗೇ ಸುರಂಗದಲ್ಲಿ ನುಗ್ಗುವ ರೈಲು. ಆದ್ದರಿಂದ ಹತ್ತುತ್ತಲೇ ಹಾಡಿ ಮುಗಿಸುತ್ತಿದ್ದೆವು. ಸಮತಟ್ಟಾದಲ್ಲಿ ಹಾಡಿನ ಸಾಲು ಉದ್ದವಾಗುತ್ತಿತ್ತು, ಏರಿನಲ್ಲಿ ತುಂಡಾಗುತ್ತಿತ್ತು. ದೊಡ್ಡ ತಿರುವಿನಲ್ಲಿ ಎಲ್ಲರೂ ಮಂಡಿಯ ಮೇಲೆ ಕೈಯಿಟ್ಟು, ದೇವರ ಹೆಸರಿನ ಅರ್ಧದಲ್ಲಿಯೇ ಏದುಸಿರು ಬಿಡುತ್ತಿದ್ದೆವು. ತಾಳ ಇದ್ದದ್ದು ನಾಯಿಗಳಿಗೆ. ಕುಸುಮಕ್ಕ ಮೊದಲು ತಾಳ ಬಡಿದು ಹೆದರಿಸಿ, ಆಮೇಲೆ ತುಳುವಿನಲ್ಲಿ ಸಮಾಧಾನ ಮಾಡುತ್ತಿದ್ದರು. ಮರಾಠಿ ಮನೆಗಳ ಆ ನಾಯಿಗಳು ಎರಡನ್ನೂ ಒಪ್ಪಿಕೊಂಡಿದ್ದವು.

ಮಳೆಗಾಲದಲ್ಲಿ ಗುಡ್ಡ ಜಾರುವಾಗ ಖಾಡಿಯ ದಡಕ್ಕೆ ಹೋಗುತ್ತಿದ್ದೆವು. ಕೆಸರಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡರೆ ಕುಸುಮಕ್ಕ ನನ್ನ ಕೈ ಎಳೆದು, ಭರತ ಇಳಿತ ಇರುವ ನೀರಿಗೆಲ್ಲ ಇದೇ ವಾಸನೆ, ನೀನು ಕಡಲ ಬದಿಯವರ ಸೊಸೆ ಹೌದೋ ಅಲ್ಲವೋ ಎನ್ನುತ್ತಿದ್ದರು.

ಹೀಗೆ ವರ್ಷ ಕಳೆಯಿತು, ಅಥವಾ ಎರಡು. ಆಗ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು, ಗಣೇಶೋತ್ಸವದಲ್ಲಿ ನಿಮ್ಮ ಮಂಡಳಿಯ ಭಜನೆ ಇಡುತ್ತೇವೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಪ್ಪಿಬಿಟ್ಟರು. ಇಷ್ಟು ದಿನ ಅಭ್ಯಾಸ ಮಾಡಿದ್ದಾರೆ, ಇಡೀ ಸಂಜೆ ಹಾಡಿಯಾರು ಎಂದು ಸೇರಿಸಿದರು ಬೇರೆ.

ವಿಷಯ ಕೇಳಿ ಕುಸುಮಕ್ಕ ಕೈಯ ತಾಳವನ್ನು ಕೆಳಗಿಟ್ಟರು. ಸಿಕ್ಕಿಬಿದ್ದರೆ ಆಡಿಕೊಳ್ಳುತ್ತಾರೆಂಬ ಚಿಂತೆ ಅವರಿಗಿರಲಿಲ್ಲ. ಮಂಗಳವಾರ, ಶುಕ್ರವಾರ ನಮ್ಮ ಕೈತಪ್ಪಿ ಹೋಗುತ್ತವಲ್ಲ ಎಂದಷ್ಟೇ ಹೇಳಿದರು. ಅವರ ಮನೆಯಲ್ಲಿ ಕೂತು ಅಭ್ಯಾಸಕ್ಕೆ ತೊಡಗಿದೆವು. ಎರಡನೆಯ ಸಾಲಿಗೇ ಹಾಡು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ದಿಕ್ಕಿಗೆ ಹೋಯಿತು. ಶಾಂತಾಬಾಯಿ ಕೈಚೆಲ್ಲಿದರು.

"ಅಕ್ಕಾ, ಕುಂತ್ರ ನನಗ ಹಾಡು ಬರಲ್ಲ ನೋಡ್ರಿ. ಉಸಿರು ಹತ್ತಬೇಕು, ಆಗ ದೇವ್ರು ನೆನಪಾಗ್ತಾನ."

ಕುಸುಮಕ್ಕ ಎದ್ದು ಶೂ ಹಾಕಿಕೊಂಡರು. ಉಳಿದ ಅಭ್ಯಾಸವೆಲ್ಲ ಗುಡ್ಡದ ಮೇಲೇ ನಡೆಯಿತು.

ಉತ್ಸವದ ದಿನ ವೇದಿಕೆಯ ಮೇಲೆ ಜಮಖಾನೆ ಹಾಸಿ ಕೂರಿಸಿದರು. ಮೊದಲ ಸಾಲಿನಲ್ಲಿ ನನ್ನ ಅತ್ತೆ, ಅವರ ಪಕ್ಕಕ್ಕೆ ಹತ್ತಿರದ ದಿವಾ ಊರಿನಿಂದ ಕರೆಸಿಕೊಂಡ ತಂಗಿ. ಹಾಡು ಎತ್ತಿದೆವು, ಅದು ಬಿತ್ತು. ಮತ್ತೆ ಎತ್ತಿದೆವು. ಸಭೆ ಕೆಮ್ಮಿತು. ಆಗ ಕುಸುಮಕ್ಕ ಎದ್ದುನಿಂತರು. ಮೊದಲು ಎದ್ದದ್ದು ತಾನೆಂದು ಶಾಂತಾಬಾಯಿ ಇವತ್ತಿಗೂ ವಾದಿಸುತ್ತಾರೆ. ನನಗೆ ಕಾಣುವುದು ಕುಸುಮಕ್ಕನ ಬೆನ್ನು. ಮುಂದಕ್ಕೆ ಬಾಗಿ, ಏರು ಹತ್ತುವವರಂತೆ ಹೆಜ್ಜೆ ಕಿತ್ತು ಹಾಕುತ್ತ ಅವರು ವೇದಿಕೆ ಸುತ್ತತೊಡಗಿದರು. ನಾವು ಹಿಂದೆ ಹೋದೆವು. ಹಾಡು ತಾನಾಗಿ ಸಾಲಿಗೆ ಬಂತು. ತಿರುವಿನ ಜಾಗ ಬಂದಾಗ ಎಲ್ಲರೂ ರೂಢಿಯಂತೆ ನಿಂತು, ಮಂಡಿ ಹಿಡಿದು ಏದುಸಿರು ಬಿಟ್ಟೆವು. ಸಭೆಯೂ ಉಸಿರು ಹಿಡಿಯಿತು. ನಮ್ಮ ಊರಿನ ಕುಣಿತ ಭಜನೆ ನೋಡದೆ ಎಷ್ಟು ಕಾಲವಾಯಿತು ಎಂದು ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಅತ್ತೆ ತಂಗಿಯ ಕೈ ಬಿಟ್ಟಿರಲಿಲ್ಲ.

ನಾವು ಕೆಟ್ಟದ್ದು ಅಲ್ಲಿಯೇ. ಡೊಂಬಿವಲಿಯಿಂದ ಕರೆ ಬಂತು, ಕಲ್ಯಾಣದಿಂದ ಬಂತು. ಸಂಘದವರು ಹಾರ್ಮೋನಿಯಂ ಮಾಸ್ತರರನ್ನು ಗೊತ್ತುಮಾಡಿದರು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಸಂಘದ ಹಾಲ್‌ನಲ್ಲಿ, ಸದ್ದು ಹೊರಗೆ ಹೋಗದಂತೆ ಕಿಟಕಿ ಮುಚ್ಚಿ, ನಿಜವಾದ ಭಜನೆ ಶುರುವಾಯಿತು. ಕುಸುಮಕ್ಕ ಕೆಲವು ವಾರ ಮುಖ ಊದಿಸಿಕೊಂಡು ಕೂತರು. ಕೊನೆಗೆ ನಮ್ಮ ಮನೆಗೆ ಬಂದು, ಚಹಾ ಕೂಡ ಮುಟ್ಟದೆ ಅತ್ತೆಗೆ ಎಲ್ಲ ಹೇಳಿಬಿಟ್ಟರು: ನಾವು ಭಜನೆ ಕಲಿತವರೇ ಅಲ್ಲ, ಗಾಳಿಗೆ ಹೋಗುತ್ತಿದ್ದವರು, ಮೊದಲಿನ ಹಾಗೇ ಹೋಗಲು ಬಿಡಿ. ಅತ್ತೆ ಪ್ರೀತಿಯಿಂದ ನಕ್ಕರು.

"ಗುಣ ಇದ್ದವರು ಹೀಗೇ ಕುಸುಮಾ. ಮಾಡಿದ್ದನ್ನೂ ಮಾಡ್ಲಿಲ್ಲ ಅಂತಾರೆ."

ಮೆಟ್ಟಿಲಿಳಿಯುವಾಗ ಕುಸುಮಕ್ಕ ನನ್ನ ಭುಜ ಹಿಡಿದುಕೊಂಡು, "ಸುಳ್ಳನ್ನು ಇಷ್ಟು ಚೆಂದ ಹೇಳ್ಬಾರದಿತ್ತು ನಾನು" ಎಂದರು.

ಸ್ವಲ್ಪ ದಿನಕ್ಕೆ ಅವರ ಮಗ ನವಿ ಮುಂಬೈಯಲ್ಲಿ ಮನೆ ತೆಗೆದುಕೊಂಡು ತಂದೆತಾಯಿಯನ್ನು ಕರೆದೊಯ್ದ. ಕೊನೆಯ ಬಾರಿ ನಾನು ಅವರನ್ನು ಕಂಡದ್ದು ಅಲ್ಲಿಯೇ; ಮುಂದಿನ ಮಳೆಗಾಲ ಅವರು ನೋಡಲಿಲ್ಲ. ಮನೆಗೆ ಹೋದರೆ ಸೊಸೆ ಹೆಮ್ಮೆಯಿಂದ, ಅತ್ತೆ ವಾಕಿಂಗ್ ಹೋಗಿದ್ದಾರೆ, ಬೆಳಿಗ್ಗೆ ಸಂಜೆ ನಾನೇ ಕಳಿಸುತ್ತೇನೆ ಎಂದಳು. ಡಾಕ್ಟರು ಹೇಳಿದಷ್ಟು ಹೆಜ್ಜೆ ಆಯಿತೋ ಇಲ್ಲವೋ ಎಂದು ಅವರ ಫೋನೇ ಎಣಿಸುತ್ತದಂತೆ. ರಾತ್ರಿ ಮಗ ನೋಡುತ್ತಾನಂತೆ. ಕಡಿಮೆಯಾದರೆ ಉಪದೇಶ.

ಖಾಡಿಯ ದಡದ ಜಾಗಿಂಗ್ ದಾರಿಯಲ್ಲಿ ಹುಡುಕುತ್ತ ಹೋದೆ. ಎಲ್ಲರೂ ಕೈ ಬೀಸಿ ನಡೆಯುತ್ತಿದ್ದರು. ದಾರಿ ಮುಗಿಯುವಲ್ಲಿ, ನೀರಂಚಿನ ಕಾಂಡ್ಲಾ ಗಿಡಗಳ ಮರೆಯ ಕಲ್ಲುಬೆಂಚಿನಲ್ಲಿ ಕುಸುಮಕ್ಕ ಕಾಲು ಚಾಚಿ ಕೂತಿದ್ದರು. ನೀರು ಏರುತ್ತಿತ್ತು, ಕಣ್ಣು ಅದರ ಮೇಲೆ. ಬಲಗೈಯಲ್ಲಿ ಫೋನು. ಮಗುವನ್ನು ಮಲಗಿಸುವವರ ಹಾಗೆ ಅದನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸುತ್ತಿದ್ದರು.

ನನ್ನನ್ನು ಕಂಡು ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಸರಿದು ಜಾಗ ಕೊಟ್ಟರು. ಆಮೇಲೆ ಫೋನನ್ನು ನನ್ನ ಕೈಗಿಟ್ಟರು.

"ಇನ್ನು ನೀನು ಸ್ವಲ್ಪ ನಡಿ. ನನಗೆ ಕೈ ನೋಯ್ತದೆ."