ನಾಜಿಮನ ಹೆಸರಿನಲ್ಲಿ ಬಂದ ಹಾಡು

ನಮ್ಮೂರು ಅಬು ಖಸೀಬ್‌ನ ಮದುವೆಗಳಲ್ಲಿ ಊಟ ಕೆಟ್ಟರೂ ನಡೆದೀತು, ಬಹೀಜಾಳ ಹಾಡಿಲ್ಲದಿದ್ದರೆ ನಡೆಯುತ್ತಿರಲಿಲ್ಲ. ಹೆಂಗಸರ ಮೇಳ ಕಟ್ಟಿಕೊಂಡು, ದಫ್ಫಿನ ಚರ್ಮವನ್ನು ಕೆಂಡಕ್ಕೆ ಹಿಡಿದು ಬಿಗಿ ಮಾಡಿ, ಮೂವತ್ತೈದು ವರ್ಷ ಊರಿನ ಹೆಣ್ಣುಮಕ್ಕಳನ್ನೆಲ್ಲ ಗಂಡನ ಮನೆಗೆ ಕಳಿಸಿಕೊಟ್ಟವಳು. ತಾನು ಮಾತ್ರ ಎಲ್ಲಿಗೂ ಹೋಗಲಿಲ್ಲ. ಕೊನೆಯಲ್ಲಿ ಎಲ್ಲರೂ ಕೇಳುತ್ತಿದ್ದುದು ಒಂದೇ ಹಾಡು, ಇರಾನಿನ ಜೊತೆಗಿನ ಯುದ್ಧದ ಕಾಲದ್ದು. ಖರ್ಜೂರ ಹಣ್ಣಾಗುವ ಹೊತ್ತಿಗೆ ಬರುತ್ತೇನೆ, ನದಿಯ ದಂಡೆಯಲ್ಲಿ ಕಾದಿರು ಎಂದು ಸಿಪಾಯಿಯೊಬ್ಬ ತನ್ನ ಹುಡುಗಿಗೆ ಹೇಳುತ್ತಾನೆ, ಅಷ್ಟೇ. ಮಾತು ಬಿಡಿಸಿ ನೋಡಿದರೆ ಬರೀ ಸಕ್ಕರೆ ಪಾಕ. ಆದರೂ ಯುದ್ಧ ಮುಗಿದ ಎಷ್ಟೋ ವರ್ಷಕ್ಕೆ ಹುಟ್ಟಿದ ಹುಡುಗಿಯರೂ ಅದಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರಿಗಾಗಿಯೂ ಕಾಯದ ಮನೆ ನಮ್ಮೂರಿನಲ್ಲಿ ಯಾವುದಿದೆ?

ಬಹೀಜಾಗೆ ಅದು ಹಾಡಲ್ಲ, ಕಾಗದ. ಅವಳ ಜೊತೆ ಮದುವೆ ನಿಶ್ಚಯವಾಗಿದ್ದ ನಾಜಿಮ್ 1986ರ ಫೆಬ್ರವರಿಯಲ್ಲಿ ಫಾವ್ ಕಾಳಗಕ್ಕೆ ಹೋದವನು ಪತ್ತೆಯಾಗಲಿಲ್ಲ. ಅವನ ತುಕಡಿಯಲ್ಲಿ ಒಬ್ಬರೂ ಉಳಿದಿಲ್ಲವೆಂದು ಜನ ಹೇಳಿದರು. ಏಪ್ರಿಲ್‌ನ ಒಂದು ಮಧ್ಯಾಹ್ನ ರೇಡಿಯೊದಲ್ಲಿ ಸಿಪಾಯಿಗಳು ಆ ವಾರ ಕೋರಿ ಬರೆದ ಹಾಡುಗಳು ಬರುತ್ತಿದ್ದವು. ಶತ್ರುವಿಗೆ ಗುರುತು ಸಿಗಬಾರದೆಂದು ಅದರಲ್ಲಿ ಮನೆತನದ ಹೆಸರಾಗಲಿ ತುಕಡಿಯಾಗಲಿ ಹೇಳುತ್ತಿರಲಿಲ್ಲ. ಮುಂಚೂಣಿಯಿಂದ ನಾಜಿಮ್, ಅಬು ಖಸೀಬ್‌ನಲ್ಲಿರುವ ತನ್ನ ಹುಡುಗಿಗೆ, ಎಂದಷ್ಟೇ ಹೇಳಿ ಈ ಹಾಡು ಹಾಕಿದರು. ಬಹೀಜಾ ಒಲೆಯ ಮೇಲಿನ ಅನ್ನ ಬಿಟ್ಟು ಬರಿಗಾಲಲ್ಲಿ ಅವನ ಮನೆಗೆ ಓಡಿದಳು. ಎರಡು ತಿಂಗಳು ಕಾದು ಸೋತಿದ್ದ ಅವನ ತಾಯಿ ಅವತ್ತೇ ಮಗನ ಆತ್ಮಕ್ಕೆ ಫಾತಿಹಾ ಓದಿಸಲು ಚಾಪೆ ಹಾಸಿಸುತ್ತಿದ್ದಳು.

"ಬದುಕಿರೋನಿಗೆ ಫಾತಿಹಾ ಓದಿಸ್ತೀಯಾ ಅತ್ತೆ? ಚಾಪೆ ಸುತ್ತಿಡು."

ಆಕೆ ಸುತ್ತಿಟ್ಟಳು. ಸೆರೆಯಾಳುಗಳು ತಂಡ ತಂಡವಾಗಿ ಮರಳಿದಾಗಲೆಲ್ಲ ಇಬ್ಬರೂ ಗಡಿಗೆ ಹೋಗಿ ಮುಖ ಮುಖ ಹುಡುಕಿ ವಾಪಸು ಬಂದರು. ಹದಿನೇಳು ವರ್ಷ ಕಾದು ಮುದುಕಿ ತೀರಿಕೊಂಡಳು. ಮಗನ ಹೆಸರು ಹಿಡಿದು ಒಂದು ದಿನವೂ ಬಾಯಿಬಿಟ್ಟು ಅತ್ತವಳಲ್ಲ; ಅತ್ತರೆ ಅಪಶಕುನವೆಂದು ಬಹೀಜಾ ಬಿಡುತ್ತಿರಲಿಲ್ಲ. ತನಗೆ ಬಂದ ಸಂಬಂಧಗಳನ್ನೂ ಬಾಗಿಲಿನಿಂದಲೇ ತಿರುಗಿಸಿದಳು. ಹುಚ್ಚು ಎನ್ನಿ, ಹಠ ಎನ್ನಿ. ನೆನೆದರೆ ಸಿಟ್ಟೂ ಬರುತ್ತದೆ, ಕರುಳೂ ಚುರುಕ್ಕೆನ್ನುತ್ತದೆ.

ಹೋದ ಚಳಿಗಾಲದಲ್ಲಿ ಎರಡೂ ದೇಶಗಳು ಸತ್ತವರ ಎಲುಬುಗಳನ್ನು ಅದಲುಬದಲು ಮಾಡಿಕೊಂಡವು. ಹಾಗೆ ನಾಜಿಮ್ ಬಂದ. ಒಬ್ಬನೇ ಎತ್ತಬಹುದಾದ ಪೆಟ್ಟಿಗೆ. ಜೊತೆಗೆ ಬಂದ ಅಧಿಕಾರಿ ಹೆಸರು ಕೊರೆದ ಕತ್ತಿನ ಬಿಲ್ಲೆಯನ್ನು ನಾಜಿಮನ ತಮ್ಮ ಗಾನಿಮ್‌ಗೆ ಕೊಟ್ಟು, ಒಂದೇ ಗುಂಡಿಯಲ್ಲಿ ಹನ್ನೊಂದು ಜನ ಸಿಕ್ಕರೆಂದೂ, ಅವರನ್ನು ಹೂಳಿದ ಇರಾನಿನವರ ದಾಖಲೆಯ ಪ್ರಕಾರ ಎಲ್ಲರೂ ಕಾಳಗದ ಮೊದಲ ದಿನವೇ ಸತ್ತವರೆಂದೂ ಹೇಳಿದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಬಹೀಜಾ ತಾರೀಖನ್ನು ಎರಡು ಸಲ ಕೇಳಿದಳು. ಎರಡು ಸಲವೂ ಅವನು ಫೆಬ್ರವರಿ ಎಂದೇ ಹೇಳಿದ. ಹಾಡು ಬಂದದ್ದು ಏಪ್ರಿಲ್‌ನಲ್ಲಿ.

ಮದುವೆಯಾಗದೆ ಸತ್ತ ಮಗನನ್ನು ನಮ್ಮಲ್ಲಿ ಮದುಮಗನ ಹಾಗೆಯೇ ಕಳಿಸುವುದು. ಹೆಂಗಸರು ಪೆಟ್ಟಿಗೆಯ ಮುಂದೆ ಗೋರಂಟಿಯನ್ನೂ ಮೇಣದಬತ್ತಿಯ ತಟ್ಟೆಯನ್ನೂ ತಂದಿಟ್ಟರು. ಮೇಳದ ಸಬ್ರಿಯಾ ಕಾಯಿಸಿದ ದಫ್ಫನ್ನು ಬಹೀಜಾಳ ಕೈಗೆ ಕೊಟ್ಟಳು.

"ಶುರು ಮಾಡಕ್ಕ. ನಿನಗೇ ಅಂತ ಅವನು ಕಳಿಸಿದ ಹಾಡಲ್ವಾ."

ಬಹೀಜಾ ಹಾಡಿದಳು. ಒಂದು ಸಾಲನ್ನೂ ಬಿಡಲಿಲ್ಲ. ಅಂಗಳದ ಹೆಂಗಸರೆಲ್ಲ ದನಿಗೂಡಿಸಿದರು. ಒಬ್ಬಳು ಅಣ್ಣನಿಗೆ, ಒಬ್ಬಳು ಗಂಡನಿಗೆ, ಇನ್ನೊಬ್ಬಳು ಆಮೇಲಿನ ಯಾವುದೋ ಯುದ್ಧಕ್ಕೆ ಹೋದ ಮಗನಿಗೆ. ಎಲ್ಲರಿಗೂ ಅದು ತಮ್ಮದೇ ಹಾಡು. ತನ್ನದಲ್ಲವೆಂದು ತಿಳಿದಿದ್ದವಳು ಅವಳೊಬ್ಬಳೇ.

ಗಂಡಸರು ಪೆಟ್ಟಿಗೆ ಎತ್ತಿಕೊಂಡು ಹೋದ ಮೇಲೆ ಸಬ್ರಿಯಾ ನೀರು ತಂದಳು. ಬಹೀಜಾ ಲೋಟ ಮುಟ್ಟಲಿಲ್ಲ.

"ಅತ್ತೇನ ಅಳೋಕೂ ಬಿಡಲಿಲ್ಲ ನಾನು," ಎಂದಳು. ಸಬ್ರಿಯಾ ಅವಳ ಬೆನ್ನು ಸವರಿದಳು.

"ಹಾಡು ಕಳಿಸಿದ ಆ ನಾಜಿಮ್ ಯಾರೋ ಏನೋ. ಅವನ ಹುಡುಗಿ ಇದೇ ಊರಲ್ಲಿ ಇದ್ಲಲ್ಲ ಸಬ್ರಿಯಾ. ಅವಳ ಮದುವೇಲೂ ನಾನೇ ಹಾಡಿರಬೇಕು."